ಕುರ್ಚಿಯಲ್ಲಿ ಇಳಿದು ಬಂದವಳು

ಫೋನಿನಲ್ಲಿ ರೇಮೆ ಎರಡು ಸಲ ಹೇಳಿದಳು: ನೀನು ಹತ್ತಿ ಬರಬೇಡ, ಹುಡುಗಿಯನ್ನು ನಾವೇ ಕೆಳಗೆ ಕರೆದುಕೊಂಡು ಬರುತ್ತೇವೆ, ನೀನು ಬೀದಿಬಾಗಿಲಲ್ಲಿ ನಿಂತಿದ್ದರೆ ಸಾಕು. ಮೊದಲನೆಯ ಸಲ ಹೇಳಿದಾಗ ಹನ್ನೆಕೆ ಸುಮ್ಮನೆ ಹೂಂ ಅಂದಿದ್ದಳು. ಎರಡನೆಯ ಸಲಕ್ಕೆ ಮೈಯೆಲ್ಲ ಉರಿಯಿತು. ಗೆಳತಿಯ ಮನೆಯಲ್ಲಿ ಜ್ವರದಲ್ಲಿ ಮಲಗಿರುವವಳು ತನ್ನ ಮಗಳು. ಬೆಳಿಗ್ಗೆಯಿಂದ ಎರಡು ಸಲ ವಾಂತಿ ಮಾಡಿಕೊಂಡಿದ್ದಾಳಂತೆ. ಅಂಥ ಹೊತ್ತಿನಲ್ಲೂ ತಾನು ಹಾಲಿನವಳ ಹಾಗೆ ಹೊಸ್ತಿಲಾಚೆ ನಿಲ್ಲಬೇಕೇ? ಫೋನಿಟ್ಟು, ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಹೊರಗೆ ಶನಿವಾರದ ಬಿಸಿಲು ಆಗಲೇ ಗೋಡೆಗಳ ಮೇಲೆ ಏರಿತ್ತು. ಬಂದರಿನ ಕಡೆಯಿಂದ ಮೀನಿನ ವಾಸನೆ, ಡೀಸೆಲ್ ವಾಸನೆ. ಸ್ಪೇನಿನ ಈ ಆಗಿಲಾಸ್ ಊರಿನ ಎಲ್ಲ ಹೆಂಗಸರೂ ಈ ಹೊತ್ತಿಗೆ ಕೈಗಾಡಿ ಎಳೆದುಕೊಂಡು ಸಂತೆಗೆ ಹೊರಟಿರುತ್ತಾರೆ. ಅವರ ಎದುರಿಗೆ ಬಾಚದ ಮೋಟುಗೂದಲ ತಲೆಯಲ್ಲಿ ನಡೆಯುತ್ತಿರುವ ತಾನು ಹೇಗೆ ಕಾಣುತ್ತಿರಬಹುದು ಎಂಬ ಯೋಚನೆ ಬಂತು, ಮಗಳಿಗೆ ಜ್ವರ ಬಂದಿರುವಾಗಲೂ ಈ ಯೋಚನೆ ಬಂತಲ್ಲ ಎಂದು ನಾಚಿಕೆಯಾಯಿತು, ಆ ನಾಚಿಕೆಯಿಂದ ಸಿಟ್ಟು ಇನ್ನಷ್ಟು ಹೆಚ್ಚಿತು.

ಐದು ವರ್ಷವಾಯಿತು ಈ ಊರಿಗೆ ಬಂದು. ಗಂಡ ಯೂಸ್ಟನಿಗೆ ಇಲ್ಲಿಯ ಟೊಮೆಟೊ ಹಸಿರುಮನೆಗಳಲ್ಲಿ ಬೀಜ ಪರೀಕ್ಷೆಯ ಕೆಲಸ ಸಿಕ್ಕಿತ್ತು. ಬಂದ ಮೊದಲ ವರ್ಷವೇ ಮಗಳು ಫೆನ್ನಾಗೆ ಶಾಲೆಯಲ್ಲಿ ನೊಯೆಲಿಯಾ ಸಿಕ್ಕಿದಳು, ಇಬ್ಬರೂ ಒಂದೇ ಬೆಂಚು, ಒಂದೇ ಪೆನ್ಸಿಲ್ ಡಬ್ಬಿ. ನೊಯೆಲಿಯಾಳ ತಾಯಿ ರೇಮೆ ಶಾಲೆಯ ಗೇಟಿನಲ್ಲಿ ಹನ್ನೆಕೆಯ ಎರಡೂ ಕೆನ್ನೆಗೆ ಮುತ್ತಿಟ್ಟು, "ನಿನ್ನ ಮಗಳು ನನ್ನ ಮಗಳು ಬೇರೆಯಾ?" ಅಂದಿದ್ದಳು. ಆ ಮಾತಿನ ಹಿಂದೆಯೇ ಮನೆಗೆ ಬಾ ಎಂಬ ಮಾತು ಬರುತ್ತದೆಂದು ಹನ್ನೆಕೆ ಕಾದಳು. ಬರಲಿಲ್ಲ. ಹಾಲೆಂಡಿನ ಅವಳ ಹುಟ್ಟೂರು ಖ್ರೋನಿಂಗೆನ್‌ನಲ್ಲಿ ಕರೆಯುವುದಾದರೆ ದಿನ, ಗಂಟೆ ಎಲ್ಲ ಹೇಳಿ ಕರೆಯುತ್ತಾರೆ, ಒಂದು ಕಾಫಿ ಒಂದು ಬಿಸ್ಕತ್ತು ಕೊಟ್ಟು ಕಳಿಸುತ್ತಾರೆ. ಆಡಲು ಬಂದ ಪಕ್ಕದ ಮನೆ ಮಗುವನ್ನು ಆಲೂಗೆಡ್ಡೆ ಬೆಂದ ಹೊತ್ತಿಗೆ ಸರಿಯಾಗಿ ಅದರ ಮನೆಗೆ ಅಟ್ಟುತ್ತಾರೆ. ಇಲ್ಲಿ ಅದರ ತಿರುಗುಮುರುಗು. ಮಗುವನ್ನು ಬಿಡುವುದೇ ಇಲ್ಲ, ದೊಡ್ಡವರನ್ನು ಒಳಗೆ ಕರೆಯುವುದೇ ಇಲ್ಲ. ಇವರು ಬೀದಿಯಲ್ಲಿ ತಬ್ಬಿಕೊಳ್ಳುತ್ತಾರೆ, ಮನೆಯೊಳಗೆ ಮಾತ್ರ ಬಿಟ್ಟುಕೊಳ್ಳುವುದಿಲ್ಲ ಎಂದು ಊರಿನ ಡಚ್ ಹೆಂಗಸರು ಹೇಳುತ್ತಿದ್ದರು. ಹನ್ನೆಕೆಯೂ ನಕ್ಕು ತಲೆಯಾಡಿಸುತ್ತಿದ್ದಳು. ಈಚೀಚೆಗೆ ಶುಕ್ರವಾರ ಸಂಜೆ ಶಾಲೆಯಿಂದ ನೇರ ಅಲ್ಲಿಗೆ ಹೋದ ಫೆನ್ನಾ ಕೆಲವೊಮ್ಮೆ ಭಾನುವಾರ ಊಟವಾದ ಮೇಲೇ ಬರುತ್ತಿದ್ದಳು. ಹನ್ನೆಕೆ ಕರೆಯಲು ಹೋದರೆ ಬೀದಿಬಾಗಿಲ ಗುಂಡಿ ಒತ್ತಬೇಕು, ಮೇಲಿಂದ ರೇಮೆಯ ದನಿ ಗೊರಗೊರ ಮಾಡಿ, "ಅಲ್ಲೇ ಇರು, ಇಳಿದು ಬರ್ತಾಳೆ" ಅನ್ನಬೇಕು, ಮಗಳು ಕೈಯಲ್ಲೊಂದು ಬಿಸಿ ಡಬ್ಬಿ ಹಿಡಿದು ಇಳಿದು ಬರಬೇಕು. ಅವಳ ಕೂದಲಲ್ಲಿ ಬೇರೆ ಮನೆಯ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಡಬ್ಬಿಯಲ್ಲಿ ಅನ್ನವೋ, ಕಡಲೆ ಹಾಕಿದ ಗಟ್ಟಿ ಸಾರೋ. ಹನ್ನೆಕೆ ಅದನ್ನು ಅಡುಗೆಮನೆಯಲ್ಲಿ ನಿಂತೇ ತಿನ್ನುತ್ತಿದ್ದಳು. ಒಳಗೆ ಕರೆಯದವರು ಕಳಿಸಿದ ಅನ್ನ ಗಂಟಲಲ್ಲಿ ಇಳಿಯಬಾರದು ಎಂದುಕೊಳ್ಳುತ್ತಲೇ ತಿಂದು ಮುಗಿಸುತ್ತಿದ್ದಳು.

ಆದರೆ ಹೋದ ವರ್ಷದಿಂದೀಚೆಗೆ ಊರು ಬದಲಾಗಿತ್ತು, ಅದು ನಿಜ. ಯೂಸ್ಟ್ ಬಿಟ್ಟು ಹೋದ ಮೇಲೆ. ಅವನು ಹೋದದ್ದರಲ್ಲಿ ಜಗಳವೇನೂ ಇರಲಿಲ್ಲ. ಖ್ರೋನಿಂಗೆನ್‌ನಲ್ಲಿ ಒಬ್ಬಳಿದ್ದಾಳೆ, ನಿನಗೆ ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ ಎಂದು ತಟ್ಟೆ ತೊಳೆಯುತ್ತಾ ಹೇಳಿದ. ತೊಳೆದ ತಟ್ಟೆಗಳನ್ನೆಲ್ಲ ಒರೆಸಿಟ್ಟೇ ಹೋದ. ಆಮೇಲಿನ ದಿನಗಳನ್ನು ಹನ್ನೆಕೆ ಬಿಡಿಸಿ ನೆನೆಯಲಾರಳು. ಕಿಟಕಿಯ ಪರದೆ ಇಳಿಸಿದ ಕೋಣೆ, ಬೆವರು ನಾರುವ ದಿಂಬು, ಗೋಡೆಯಾಚೆ ಮಗಳು ತಾನೇ ರೊಟ್ಟಿ ಸುಟ್ಟುಕೊಳ್ಳುವ ಸದ್ದು. ಮನೆಯಿಂದಲೇ ಮಾಡುವ ಯಂತ್ರಗಳ ಕೈಪಿಡಿ ಭಾಷಾಂತರದ ಕೆಲಸವನ್ನು ಹಾಸಿಗೆಯಲ್ಲಿ ಒರಗಿಕೊಂಡೇ ಮಾಡಿ ಕಳಿಸುತ್ತಿದ್ದಳು. ಚಳಿಗಾಲದಲ್ಲೊಂದು ಮಧ್ಯಾಹ್ನ ಬಚ್ಚಲಿನ ಕನ್ನಡಿಯ ಮುಂದೆ ನಿಂತು, ತೊಳೆಯಲು ಬಾಚಲು ಶಕ್ತಿಯಿಲ್ಲವೆಂದು, ಇದ್ದ ಕೂದಲನ್ನೆಲ್ಲ ಕತ್ತರಿಯಿಂದ ಬುಡಕ್ಕೇ ಕತ್ತರಿಸಿದ್ದಳು. ಅದು ದನ ಹುಲ್ಲು ಮೇಯ್ದ ಹಾಗೆ ಕಾಣುತ್ತಿತ್ತೆಂದು ಹೊರಗೆ ಹೋಗುವಾಗ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಆಗಾಗ ಬಸ್ಸು ಹಿಡಿದು ಮುರ್ಸಿಯಾ ಪಟ್ಟಣಕ್ಕೆ, ವಿಚ್ಛೇದನದ ವಕೀಲನ ಹತ್ತಿರ. ಆ ದಿನಗಳಲ್ಲಿಯೇ ಜನ ಮೆತ್ತಗಾದದ್ದು. ಮೀನಂಗಡಿಯ ಸಾಲಿನಲ್ಲಿ, "ಮೊದಲು ಈಕೆಗೆ ಕೊಡಪ್ಪ" ಎಂದು ಮುಂದೆ ಬಿಟ್ಟರು. ಬ್ರೆಡ್ ಮಾರುವವಳು ಎರಡು ಬನ್ನು ಹೆಚ್ಚಿಗೆ ಹಾಕಿ, "ತಿನ್ನಬೇಕು ಕಣಮ್ಮ, ತಿನ್ನಬೇಕು" ಅಂದಳು. ಶಾಲೆಯ ಗೇಟಿನಲ್ಲಿ ಹೆಸರೇ ಗೊತ್ತಿಲ್ಲದ ತಾಯಂದಿರು ತೋಳು ಮುಟ್ಟಿ ಹೋದರು. ಅಂತೂ ಊರು ನನ್ನನ್ನು ಒಪ್ಪಿಕೊಂಡಿತು ಎಂದು ಅವಳು ನಂಬಿದಳು. ಗಂಡ ಬೇಡವೆಂದು ಬಿಟ್ಟವಳನ್ನು ಒಂದು ಊರು ಬೇಕೆಂದಿತಲ್ಲ ಎಂಬ ನಂಬಿಕೆಯಿಂದಲೇ, ನಿಜ ಹೇಳಬೇಕೆಂದರೆ, ವಸಂತಕ್ಕೆ ಅವಳು ಹಾಸಿಗೆ ಬಿಟ್ಟೆದ್ದದ್ದು.

ಅಂಥ ಊರಿನಲ್ಲೂ ಈ ಒಂದು ಬಾಗಿಲು ಮಾತ್ರ ತೆರೆದಿರಲಿಲ್ಲ. ಇವತ್ತು ಗುಂಡಿ ಒತ್ತಬೇಕಾಗಿ ಬರಲಿಲ್ಲ. ಯಾರೋ ಕೈಗಾಡಿ ಹೊರಗೆಳೆಯುತ್ತಿದ್ದವರು ಬಾಗಿಲು ತೆರೆದೇ ಹಿಡಿದಿದ್ದರು. ಹನ್ನೆಕೆ ನುಸುಳಿದಳು. ಮೆಟ್ಟಿಲು ಇಕ್ಕಟ್ಟು, ಕತ್ತಲೆ, ಬ್ಲೀಚಿನ ವಾಸನೆ. ಲಿಫ್ಟಿಲ್ಲ ಎಂಬುದು ಅವಳಿಗೆ ಗೊತ್ತಾದದ್ದೇ ಈಗ. ಸಿಟ್ಟಿನ ಭರದಲ್ಲಿ ದಡದಡ ಹತ್ತಿ ಮೂರನೆಯ ಮಹಡಿಯ ಬಾಗಿಲು ತಟ್ಟಿದಾಗ ಸ್ವಲ್ಪ ಏದುಸಿರು ಬಂದಿತ್ತು, ಅಷ್ಟೆ.

ಬಾಗಿಲು ತೆಗೆದವಳು ರೇಮೆಯ ತಾಯಿ ಫುಯೆನ್ಸಾಂತಾ ಅಜ್ಜಿ. ಇಷ್ಟು ವರ್ಷದಲ್ಲಿ ಆ ಅಜ್ಜಿಯನ್ನು ಹನ್ನೆಕೆ ಕಂಡದ್ದು ಬಾಲ್ಕನಿಯಲ್ಲಿ ಬಟ್ಟೆ ಹರಡುವ ಎರಡು ಕೈಗಳಾಗಿ ಮಾತ್ರ. ಈಗ ಆ ಕೈಗಳಲ್ಲೊಂದು ಎದೆಯ ಮೇಲೆ ಹೋಯಿತು, ಇನ್ನೊಂದು ಶಿಲುಬೆಯ ಗುರುತು ಮಾಡಿತು.

"ಅಯ್ಯೋ ದೇವರೇ! ಏ ರೇಮೆ, ಬಾರೇ ಇಲ್ಲಿ! ಹತ್ಕೊಂಡು ಬಂದ್ಬಿಟ್ಟಿದಾಳೆ ಕಣೇ!"

"ಯಾರಮ್ಮಾ?" ಒಳಗಿನಿಂದ ರೇಮೆ.

"ಯಾರು ಅಂತ ಕೇಳ್ತೀಯಲ್ಲ! ಫೆನ್ನಾ ತಾಯಿ! ಮೂರು ಮಹಡೀನೂ!"

ಹನ್ನೆಕೆ ಬಾಯಿ ತೆರೆಯುವ ಮೊದಲೇ ಅಜ್ಜಿ ಅವಳ ಸೊಂಟ ಬಳಸಿ ಹಿಡಿದಿದ್ದಳು. ಎತ್ತರದ ಡಚ್ ಹೆಂಗಸು, ಅವಳ ಕಂಕುಳಿಗೆ ಬರುವ ಮುದುಕಿ. ಆದರೆ ಆ ಹಿಡಿತ ಹೇಗಿತ್ತೆಂದರೆ ಹನ್ನೆಕೆಗೆ ತನ್ನ ಕಾಲುಗಳು ನಿಜವಾಗಿಯೂ ತನ್ನನ್ನು ಹೊರಲಾರವೇನೋ ಅನಿಸಿಬಿಟ್ಟಿತು. ರೇಮೆ ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಓಡಿ ಬಂದಳು.

"ನಿಂಗೆ ಬುದ್ಧಿ ಇದ್ಯಾ ಅನ್ನೆಕೆ? ಬರಬೇಡ ಅಂತ ಬಡ್ಕೊಂಡೆ ತಾನೆ?" ಈ ಊರಿನವರ ನಾಲಿಗೆಗೆ ಹಕಾರ ಒಗ್ಗುವುದಿಲ್ಲ, ಇಲ್ಲಿ ಅವಳು ಅನ್ನೆಕೆ. "ಇಷ್ಟು ದಿನ ನಿನ್ನ ಒಂದು ಸಲ ಮೇಲೆ ಕರೀಲಿಲ್ಲ ಅಂತ ನಂಗೆಷ್ಟು ಸಂಕಟ ಗೊತ್ತಾ? ಮೊದಲೆಲ್ಲ ಮನೆ ಸಣ್ಣದು, ನಿನ್ನ ಕೂರ್ಸೋಕೆ ಜಾಗ ಇಲ್ಲ ಅಂತ ನಾಚ್ಕೆ. ಆಮೇಲೆ ಈ ಹಾಳು ಮೆಟ್ಲು. ಇಂಥ ಸ್ಥಿತೀಲಿ ನಿನ್ನ ಹತ್ತಿಸೋದಾ?"

"ಯಾವ ಸ್ಥಿತೀಲಿ?" ಎಂದಳು ಹನ್ನೆಕೆ. ಅವಳ ಸ್ಪ್ಯಾನಿಷ್ ಅಂಗಡಿಗೆ, ಶಾಲೆಗೆ ಸಾಲುವಷ್ಟು. ತಾನೇ ಏನೋ ತಪ್ಪು ಕೇಳಿಸಿಕೊಂಡೆ ಎಂದುಕೊಂಡಳು. "ಫೆನ್ನಾ ಎಲ್ಲಿ?"

"ಮಲಗಿದಾಳೆ, ಜ್ವರ ಇಳೀತಿದೆ, ನೀನು ಮೊದಲು ಕೂತ್ಕೋ."

ಕೂರಿಸಿದರು. ಬೆನ್ನಿಗೊಂದು ದಿಂಬು ಬಂತು, ಕಾಲ ಕೆಳಗೆ ಮಣೆ ಬಂತು. ಬಟ್ಟಲಲ್ಲಿ ಕೋಳಿಸಾರು, ಸಣ್ಣ ಶಾವಿಗೆ ಹಾಕಿದ್ದು. ಅಜ್ಜಿ ಚಮಚ ತಾನೇ ಹಿಡಿದು ಊದಿ ಬಾಯಿಯ ಹತ್ತಿರ ತಂದಾಗ ಹನ್ನೆಕೆಗೆ ನಗು ಬರುವಂತಾಯಿತು. ಆದರೆ ಅಜ್ಜಿಯ ಕಣ್ಣು ತುಂಬಿತ್ತು.

"ನಾನೇ ಕುಡೀತೀನಮ್ಮ. ನನಗೇನೂ ಆಗಿಲ್ಲ."

"ಹಾಗೇ ಅನ್ಬೇಕು ಮಗಳೇ. ಹಾಗೆ ಅನ್ನೋರೇ ಗಟ್ಟಿ." ಅಜ್ಜಿ ಮಕ್ಕಳ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದಳು. "ಮುಚ್ಚಿಡೋದೇನಿದೆ ನಮ್ಮ ಹತ್ರ? ಎಲ್ಲಾ ಗೊತ್ತು. ನಿನ್ನ ತಲೆ ನೋಡಿದ್ರೆ ಗೊತ್ತಾಗಲ್ವಾ? ಮುರ್ಸಿಯಾ ಆಸ್ಪತ್ರೆಗೆ ಒಬ್ಳೇ ಬಸ್ಸಲ್ಲಿ ಹೋಗಿ ಬರ್ತಿದ್ದೆಯಲ್ಲ, ನನ್ನ ಅಳಿಯ ಗಿನೆಸ್ ಕರ್ಕೊಂಡು ಹೋಗ್ತಾನೆ ಅಂತ ಹೇಳಿ ಕಳಿಸಿದ್ರೂ ಬೇಡ ಅಂದೆಯಂತೆ. ನನ್ನ ಹತ್ರ ಹೇಳು. ಎದೇದಾ, ಹೊಟ್ಟೇದಾ?"

ಪದಗಳೆಲ್ಲ ಗೊತ್ತಿರುವವೇ. ಎದೆ. ಹೊಟ್ಟೆ. ಆಸ್ಪತ್ರೆ. ಆದರೆ ಒಂದರ ಪಕ್ಕ ಒಂದು ಕೂತು ಅವು ಏನು ಹೇಳುತ್ತಿವೆಯೆಂಬುದು ಹನ್ನೆಕೆಗೆ ಇಳಿಯಲು ಒಂದು ಗಳಿಗೆ ಹಿಡಿಯಿತು. ತನಗೆ ಕ್ಯಾನ್ಸರ್ ಎಂದು ಇವರೆಲ್ಲ ನಂಬಿದ್ದಾರೆ. ಅವಳು ಕಣ್ಣು ಅಜ್ಜಿಯ ಮುಖದಿಂದ ಕಿತ್ತು ಗೋಡೆಯ ಕಡೆ ತಿರುಗಿಸಿದಳು. ಗೋಡೆಗೆ ಸೇರಿದ ಮರದ ಪೆಟ್ಟಿಗೆಯ ಮೇಲೆ ಕಪ್ಪು ಸೀರೆಯಂಥ ಉಡುಪಿನ, ಎದೆಗೆ ಕತ್ತಿ ನೆಟ್ಟ ಮೇರಿಮಾತೆಯ ಸಣ್ಣ ವಿಗ್ರಹ. ಅದರ ಒಂದು ಪಕ್ಕ ತೀರಿಹೋದ ಅಜ್ಜನ ಫೋಟೋ. ಇನ್ನೊಂದು ಪಕ್ಕ, ಎಣ್ಣೆಯ ಲೋಟದಲ್ಲಿ ತೇಲುವ ಬತ್ತಿಯ ಮುಂದೆ, ನೊಯೆಲಿಯಾಳ ಶಾಲೆಯ ಹಬ್ಬದ ಗುಂಪು ಫೋಟೋದಿಂದ ಕತ್ತರಿಸಿ ತೆಗೆದ ಒಂದು ಮುಖ. ತಲೆಗೆ ಕಟ್ಟಿದ ಬಟ್ಟೆಯಿಂದ ಗುರುತಾಯಿತು. ತನ್ನದೇ ಮುಖ. ಬತ್ತಿ ಮಿಣುಕಿದಾಗ ಆ ಮುಖ ಒಮ್ಮೆ ನಕ್ಕ ಹಾಗೆ, ಒಮ್ಮೆ ಅತ್ತ ಹಾಗೆ ಕಾಣುತ್ತಿತ್ತು. ದೀಪ ಹಚ್ಚಿಟ್ಟ ತನ್ನ ಫೋಟೋವನ್ನು ತಾನೇ ನೋಡುವ ಭಾಗ್ಯ ಯಾರಿಗೆ ಸಿಗುತ್ತದೆ ಎಂಬ ಹುಚ್ಚು ಯೋಚನೆ ಹಾದುಹೋಯಿತು. ಹಿಂದೆಯೇ ಮೀನಂಗಡಿಯ ಸಾಲು, ಎರಡು ಹೆಚ್ಚಿನ ಬನ್ನು, ತೋಳು ಮುಟ್ಟಿದ ತಾಯಂದಿರು, ಒಬ್ಬೊಬ್ಬರಾಗಿ ಎದ್ದು ಬಂದು ಅವಳ ಮುಂದೆ ನಿಂತರು. ಒಪ್ಪಿಕೊಂಡದ್ದಲ್ಲ. ಬೀಳ್ಕೊಡುತ್ತಿದ್ದದ್ದು. ಒಂದು ವರ್ಷದಿಂದ ಊರಿಗೆ ಊರೇ ತನ್ನನ್ನು ಕಳಿಸಿಕೊಡುತ್ತಿತ್ತು, ತಾನು ಅವರಿಗೆಲ್ಲ ನಕ್ಕು ಕೈಬೀಸುತ್ತಿದ್ದೆ.

"ನಾನು ಕಾಯಿಲೆ..." ಎಂದು ಶುರು ಮಾಡಿದಳು. ಅಷ್ಟರಲ್ಲಿ ಕೋಣೆಯ ಬಾಗಿಲಲ್ಲಿ ಫೆನ್ನಾ ಬಂದು ನಿಂತಳು. ಮೈಮೇಲೆ ನೊಯೆಲಿಯಾಳ ರಾತ್ರಿ ಅಂಗಿ, ಕೆನ್ನೆ ಜ್ವರಕ್ಕೆ ಕೆಂಪಾಗಿದೆ, ಹಿಂದೆ ಅವಳ ಬೆನ್ನಿಗೆ ಹೊದಿಕೆ ಹಿಡಿದ ನೊಯೆಲಿಯಾ. ಮಗಳು ತಾಯಿಯನ್ನು ನೋಡಿದ ನೋಟದಲ್ಲಿ ಏನೋ ಇತ್ತು, ಬೇಡಿಕೆಯಂಥದ್ದು. ಹೇಳಬೇಡ, ಅನ್ನುತ್ತಿರುವ ಹಾಗೆ. ಇವಳೇ! ಇವಳೇ ಕಟ್ಟಿದ ಕತೆ! ಹನ್ನೆಕೆಗೆ ಮೊದಲು ಬಂದದ್ದು ಸಿಟ್ಟಲ್ಲ, ಭಯ. ಈಗ ತಾನು ಬಾಯಿಬಿಟ್ಟರೆ ಇಷ್ಟು ಜನರ ಮುಂದೆ ಒಂಬತ್ತು ವರ್ಷದ ಮಗಳು ಸುಳ್ಳಿಯಾಗುತ್ತಾಳೆ. ಈ ಮನೆ ಅವಳಿಗೆ ಮುಚ್ಚಿಹೋಗುತ್ತದೆ. ಅಜ್ಜಿ ಅಷ್ಟರಲ್ಲಿ ತುಟಿಯ ಮೇಲೆ ಬೆರಳಿಟ್ಟಳು: "ಮಕ್ಕಳ ಮುಂದೆ ಬೇಡ ಮಗಳೇ." ಹನ್ನೆಕೆ ಬಾಯಿ ಮುಚ್ಚಿದಳು. ಸಾರು ಕುಡಿದಳು. ಸಾಯುತ್ತಿರುವವಳು ಹೇಗೆ ಕುಡಿಯುತ್ತಾಳೋ ಹಾಗೆ, ಮೆಲ್ಲಗೆ, ಚಮಚ ಚಮಚವಾಗಿ ಕುಡಿದಳು. ಅದೇ ಅವಳು ಮಾಡಿದ ತಪ್ಪು. ಆಮೇಲೆ ನಡೆದದ್ದನ್ನು ತಡೆಯುವ ಹಕ್ಕು ಆ ಚಮಚಗಳ ಜೊತೆಯಲ್ಲೇ ಹೊಟ್ಟೆಗಿಳಿಯಿತು.

ಬಂದರಿನ ಐಸ್ ಕಾರ್ಖಾನೆಯಿಂದ ರೇಮೆಯ ಗಂಡ ಗಿನೆಸ್ ಬಂದ. ವಿಷಯ ಕೇಳಿದವನೇ ಅಡುಗೆಮನೆಯಿಂದ ಕೈಯಿರುವ ಕುರ್ಚಿಯೊಂದನ್ನು ತಂದು ಅವಳ ಮುಂದಿಟ್ಟ.

"ಹತ್ತಿದ್ದು ಸಾಕು, ಇಳಿಯೋದು ನಾನು ನೋಡ್ಕೋತೀನಿ. ರೇಮೆ, ಕೆಳಗಿನ ಮನೆ ಪಾಂಚೋನ ಕರಿ. ನಾವಿಬ್ರೂ ಹಿಡಿದ್ರೆ ಹೂ ಎತ್ತಿದ ಹಾಗೆ."

"ಬೇಡ ಗಿನೆಸ್, ಬೇಡ, ನಾನು ನಡೀತೀನಿ."

"ಸುಮ್ನಿರು ಅನ್ನೆಕೆ. ನಮ್ಮ ಮೆಟ್ಲಲ್ಲಿ ನೀನು ಬಿದ್ರೆ ನನ್ನ ಅತ್ತೆ ನನ್ನನ್ನ ಐಸಲ್ಲಿ ಹಾಕ್ಬಿಡ್ತಾರೆ."

ಎತ್ತಿದರು. ಮೆಟ್ಟಿಲು ಇಕ್ಕಟ್ಟಾದದ್ದರಿಂದ ಕುರ್ಚಿ ಓರೆಯಾಗಿ, ಹಿಂದಕ್ಕೆ ವಾಲಿ, ಒಂದೊಂದೇ ಮೆಟ್ಟಿಲು ಇಳಿಯಿತು. ಪಾಂಚೋನ ಬೋಳುತಲೆಯ ಮೇಲೆ ಬೆವರ ಹನಿ ಮೂಡುವುದು ಅವಳಿಗೆ ಕಾಣುತ್ತಿತ್ತು. ಅವಳ ಉದ್ದ ಕಾಲುಗಳು ಗೋಡೆಗೆ ತಗುಲದಂತೆ ರೇಮೆ ಪಾದ ಹಿಡಿದುಕೊಂಡು ಹಿಮ್ಮುಖವಾಗಿ ಇಳಿಯುತ್ತಿದ್ದಳು. ಗುಲ್ಲು ಕೇಳಿ ಪ್ರತಿ ಮಹಡಿಯ ಬಾಗಿಲೂ ತೆರೆಯಿತು. ಏಪ್ರನ್ ಕಟ್ಟಿದ ಹೆಂಗಸರು, ಬನಿಯನ್ ತೊಟ್ಟ ಗಂಡಸರು. "ಅಯ್ಯೋ ಪಾಪ." "ಧೈರ್ಯ ತಗೋಮ್ಮ." ಒಬ್ಬಾಕೆ ಕೈಚಾಚಿ ಅವಳ ಕೆನ್ನೆ ಸವರಿದಳು, ಆ ಬೆರಳಲ್ಲಿ ಈರುಳ್ಳಿಯ ವಾಸನೆಯಿತ್ತು. ಹನ್ನೆಕೆ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕಣ್ಣುಮುಚ್ಚಿದಳು. ಅವರಿಗೆ ಅದು ನೋವಿನ ಹಾಗೆ ಕಂಡಿರಬೇಕು. ದನಿಗಳು ಇನ್ನಷ್ಟು ಮೆತ್ತಗಾದವು. ಮೈಯಲ್ಲಿ ಒಂದು ಹುಣ್ಣೂ ಇಲ್ಲದ ತಾನು ಹೀಗೆ ಹೊರಿಸಿಕೊಂಡು ಇಳಿಯುತ್ತಿದ್ದೇನೆ, ನಿಜವಾಗಿ ಜ್ವರ ಬಂದ ಮಗು ಹೊದಿಕೆ ಎಳೆದುಕೊಂಡು ಹಿಂದೆ ನಡೆದು ಬರುತ್ತಿದೆ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಬೆಚ್ಚಿಬೀಳಿಸಿದ್ದು ಇದಲ್ಲ. ಇಬ್ಬರು ಗಂಡಸರ ತೋಳಬಲದ ಮೇಲೆ ಗಾಳಿಯಲ್ಲಿ ತೂಗುತ್ತಾ, ಯಾರೋ ಪಾದ ಹಿಡಿದುಕೊಂಡಿರುವಾಗ, ಅವಳ ದೇಹದ ಒಳಗೆಲ್ಲೋ ಒಂದು ಸುಖ ಎದ್ದಿತು. ಹೋದ ವರ್ಷ ಪರದೆ ಇಳಿಸಿದ ಕೋಣೆಯಲ್ಲಿ ಅವಳು ಕಾದದ್ದು ಇದಕ್ಕೇ. ಯಾರಾದರೂ ಬಂದು ಎತ್ತಲಿ ಎಂದು. ಯಾರೂ ಬರಲಿಲ್ಲ. ಈಗ ಬಂದಿದ್ದಾರೆ. ಅವಳಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು.

ಗಿನೆಸ್ ತನ್ನ ವ್ಯಾನಿನಲ್ಲಿ ಮನೆಯವರೆಗೂ ಬಿಟ್ಟ. ನೆಲಮಹಡಿಯ ಮನೆಯಾದ್ದರಿಂದ ಮತ್ತೆ ಹೊರಿಸಿಕೊಳ್ಳುವುದು ತಪ್ಪಿತು. ಬಾಗಿಲು ಹಾಕಿಕೊಂಡು, ಫೆನ್ನಾಳನ್ನು ಮಲಗಿಸಿ, ಹಣೆಗೆ ಒದ್ದೆಬಟ್ಟೆ ಹಾಕಿ, ವ್ಯಾನಿನ ಸದ್ದು ದೂರವಾಗುವವರೆಗೂ ತಡೆದುಕೊಂಡಿದ್ದು ಆಮೇಲೆ ಹನ್ನೆಕೆ ಕೇಳಿದಳು.

"ಯಾಕೆ ಸುಳ್ಳು ಹೇಳಿದೆ?"

"ಏನು ಸುಳ್ಳು?"

"ನನಗೆ ಕಾಯಿಲೆ ಅಂತ. ಸಾಯ್ತೀನಿ ಅಂತ."

ಫೆನ್ನಾ ತಾಯಿಯನ್ನೇ ನೋಡಿದಳು. ಅವಳ ಕಣ್ಣಲ್ಲಿ ಸಿಕ್ಕಿಬಿದ್ದ ಕಳ್ಳಿಯ ಗಾಬರಿಯಿರಲಿಲ್ಲ. ರೇಮೆಯ ಮನೆಯ ಕೋಣೆಬಾಗಿಲಲ್ಲಿ ಕಂಡ ಅದೇ ನೋಟ; ಹನ್ನೆಕೆ ಅದನ್ನು ಪೂರಾ ತಪ್ಪಾಗಿ ಓದಿದ್ದಳು.

"ನಾನು ಸುಳ್ಳು ಹೇಳಿಲ್ಲ," ಅಂದಳು ಮಗಳು. ಈಚೆಗೆ ಅವಳು ಮನೆಯಲ್ಲೂ ಸ್ಪ್ಯಾನಿಷ್‌ನಲ್ಲೇ ಉತ್ತರಿಸುತ್ತಿದ್ದಳು. "ನೊಯೆಲಿಯಾ ನಮ್ಮನೆಗೆ ಯಾವಾಗ ಬರ್ಲಿ ಅಂತ ಕೇಳ್ತಾನೇ ಇದ್ಲು. ಅಮ್ಮಂಗೆ ಹುಷಾರಿಲ್ಲ, ಮಲ್ಗಿರ್ತಾಳೆ ಅಂದೆ. ಅಜ್ಜಿ ಏನಾಗಿದೆ ಅಂತ ಕೇಳಿದ್ರು. ಗೊತ್ತಿಲ್ಲ, ನಂಗ್ಯಾರೂ ಹೇಳಲ್ಲ ಅಂದೆ. ಕೂದ್ಲು ಹೋಗಿದ್ಯಾ ಅಂತ ಕೇಳಿದ್ರು. ಹೂಂ ಅಂದೆ. ಬಚ್ಚಲಲ್ಲಿ ಬಿದ್ದಿತ್ತಲ್ಲ, ನಾನು ನೋಡಿದ್ದೆ. ಆಗ ಅಜ್ಜಿ ನನ್ನ ತಬ್ಕೊಂಡು ಅತ್ರು." ಒಂದು ಗುಟುಕು ನೀರು ಕುಡಿದಳು. "ಅವ್ರು ಅತ್ತಾಗ ನಂಗೆ ಗೊತ್ತಾಯ್ತು."

"ಏನು ಗೊತ್ತಾಯ್ತು?"

"ನೀನು ಸಾಯ್ತೀಯ ಅಂತ."

ಹನ್ನೆಕೆ ಮಂಚದ ಅಂಚು ಹಿಡಿದುಕೊಂಡಳು. ಯಾರೂ ಸುಳ್ಳು ಹೇಳಿರಲಿಲ್ಲ. ಮಗು ಕಂಡದ್ದು ಹೇಳಿತು, ಮುದುಕಿ ಕೇಳಿದ್ದಕ್ಕೆ ಅತ್ತಳು, ಆ ಅಳುವನ್ನು ಮಗು ನಂಬಿತು. ಒಂದು ವರ್ಷ. ಒಂದು ವರ್ಷ ಈ ಮಗು ಬೆಳಿಗ್ಗೆ ಶಾಲೆಗೆ ಹೋಗುವ ಮುನ್ನ ಬಾಗಿಲಲ್ಲಿ ನಿಂತು, "ಅಮ್ಮಾ, ಎದ್ದಿದೀಯಾ?" ಎಂದು ಕೇಳುತ್ತಿತ್ತು. ಹೂಂ ಎಂಬ ಗೊಣಗು ಕೇಳಿದ ಮೇಲೇ ಹೋಗುತ್ತಿತ್ತು. ಅದೊಂದು ಕಿರಿಕಿರಿ ಎಂದು ಹನ್ನೆಕೆ ದಿಂಬಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

"ನನ್ನನ್ನ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನಿಂಗೆ ಬೇಜಾರಾಗತ್ತೆ ಅಂತ ಅಜ್ಜಿ ಹೇಳಿದ್ರು." ಫೆನ್ನಾ ಹೊದಿಕೆಯ ಅಂಚನ್ನು ಸುತ್ತುತ್ತಾ ಬಿಚ್ಚುತ್ತಾ ಮಾತಾಡುತ್ತಿದ್ದಳು, ದನಿಯಲ್ಲಿ ಅಳುವಿರಲಿಲ್ಲ, ದೊಡ್ಡವರು ಸಾಮಾನು ಜೋಡಿಸುವಾಗಿನ ಗಾಂಭೀರ್ಯವಿತ್ತು. "ನೀನು ಹೋದ್ಮೇಲೆ ನಾನು ಅಲ್ಲೇ ಇರ್ಬಹುದಂತೆ. ಅಪ್ಪನ ಊರಿಗೆ ಹೋಗ್ಲೇಬೇಕು ಅಂತ ಇಲ್ವಂತೆ. ಗಿನೆಸ್ ಮಾಮ ಮಂಚ ಮಾಡ್ಸಿದಾರೆ. ಕಿಟಕಿ ಪಕ್ಕದ್ದು ನಂದು. ಅದಕ್ಕೇ ಶುಕ್ರವಾರ ಹೋಗ್ತಿದ್ದೆ. ಅಭ್ಯಾಸ ಆಗ್ಲಿ ಅಂತ."

ಅಭ್ಯಾಸ ಆಗಲಿ ಅಂತ. ಬೇರೆ ಮನೆಯ ಒಗ್ಗರಣೆಯ ವಾಸನೆ ಹೊತ್ತು ಬರುವ ಮಗಳ ಮೇಲೆ ತಾನು ಕರುಬಿದ ಭಾನುವಾರಗಳು. ಅಷ್ಟು ಇಷ್ಟವಾದರೆ ಅಲ್ಲೇ ಇದ್ದುಬಿಡು ಎಂದು ಒಮ್ಮೆ ಚುಚ್ಚಿದ್ದು. ಅದಕ್ಕೆ ಮಗಳು ತಲೆಯಾಡಿಸಿ, "ಇನ್ನೂ ಈಗ ಬೇಡ" ಅಂದದ್ದು. ಆ ಉತ್ತರಕ್ಕೆ ತಾನು ನಕ್ಕಿದ್ದೆ. ನಕ್ಕಿದ್ದೆ!

"ಫೆನ್ನಾ, ಕೇಳು. ನನ್ನ ಕಡೆ ನೋಡು. ನನಗೆ ಆ ಕಾಯಿಲೆ ಇಲ್ಲ. ಯಾವತ್ತೂ ಇರ್ಲಿಲ್ಲ. ಕೂದ್ಲು ನಾನೇ ಕತ್ತರಿಸ್ಕೊಂಡೆ. ಮುರ್ಸಿಯಾಕ್ಕೆ ಹೋಗ್ತಿದ್ದಿದ್ದು ವಕೀಲರ ಹತ್ರ. ನಾನು ಸಾಯಲ್ಲ."

ಮಗಳು ಅಳುತ್ತಾಳೆ, ಕುತ್ತಿಗೆಗೆ ಬೀಳುತ್ತಾಳೆ ಎಂದು ಅವಳು ಕೈಚಾಚಿಯೇ ಹೇಳಿದ್ದಳು. ಫೆನ್ನಾ ಅಲುಗಾಡಲಿಲ್ಲ. ಜ್ವರದ ಕೆಂಪು ಮುಖದಲ್ಲಿ ಹುಬ್ಬುಗಳು ಮೆಲ್ಲಗೆ ಹತ್ತಿರ ಬಂದವು. ಏನನ್ನೋ ಮೊದಲಿಂದ ಕೂಡಿ ನೋಡುತ್ತಿರುವ ಹಾಗಿತ್ತು. ಕಡೆಗೆ ಕೇಳಿದಳು:

"ಹಾಗಾದ್ರೆ ಯಾಕೆ ಮಲ್ಗಿರ್ತಿದ್ದೆ?"

ಹನ್ನೆಕೆಯ ಕೈ ಗಾಳಿಯಲ್ಲೇ ನಿಂತಿತು.

"ಕಾಯಿಲೆ ಇರ್ಲಿಲ್ಲ ಅಂದ್ರೆ ಯಾಕೆ ಏಳ್ತಿರ್ಲಿಲ್ಲ? ನಾನು ಕೂಗಿದ್ರೂ ಏಳ್ತಿರ್ಲಿಲ್ಲ. ಕಾಯಿಲೆ ಅಂತ ನಾನು ಸುಮ್ನಿದ್ದೆ."

ಮಗಳು ಸ್ವಲ್ಪ ಹೊತ್ತು ಕಾದು, ಗೋಡೆಯ ಕಡೆ ಮಗ್ಗುಲಾದಳು. ಸಾಯುವ ತಾಯಿಯನ್ನು ಅವಳು ಕ್ಷಮಿಸಿಯಾಗಿತ್ತು, ಯಾವತ್ತೋ. ಬದುಕಿರುವವಳನ್ನು ಏನು ಮಾಡುವುದೆಂದು ಅವಳಿಗೆ ತಿಳಿಯದು.

ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ರೇಮೆ. ಕೈಯಲ್ಲಿ ಔಷಧಿಯಂಗಡಿಯ ಚೀಲ. ಈ ಮನೆಯೊಳಗೆ ಅವಳೂ ಇದುವರೆಗೆ ಕಾಲಿಟ್ಟಿರಲಿಲ್ಲ ಎಂಬುದು ಹನ್ನೆಕೆಗೆ ಆಗ ಹೊಳೆಯಿತು. ಐದು ವರ್ಷ ತಾನು ಅವಳನ್ನು ಒಂದು ಸಲ ಒಳಗೆ ಬಾ ಅಂದಿರಲಿಲ್ಲ, ಮೊದಲು ಅವರು ಕರೆಯಲಿ ಎಂದು. ರೇಮೆ ಒಳಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು, ಮೆಲುದನಿಯಲ್ಲಿ, ರೋಗಿಯಿರುವ ಮನೆಯಲ್ಲಿ ಮಾತಾಡುವ ಹಾಗೆ, "ಬೆಳಿಗ್ಗೆ ಮೆಟ್ಲು ಹತ್ತಿದ್ದಕ್ಕೆ ಏನಾದ್ರೂ ತೊಂದ್ರೆ ಆಯ್ತಾ?" ಎಂದು ಕೇಳಿದಳು. ಆ ಮೆಲುದನಿ ಇನ್ನು ಒಂದು ಗಳಿಗೆಯೂ ತಡೆಯಲಾಗದೆ ಹನ್ನೆಕೆ ನಿಂತಲ್ಲೇ ಎಲ್ಲ ಹೇಳಿಬಿಟ್ಟಳು. ಸರಿಯಾದ ಕ್ರಿಯಾಪದ ಹುಡುಕದೆ, ತಪ್ಪುತಪ್ಪಾಗಿ, ಯೂಸ್ಟ್, ತಟ್ಟೆಗಳು, ಹಾಸಿಗೆ, ಕತ್ತರಿ, ವಕೀಲ.

ರೇಮೆ ಕೇಳುತ್ತಾ ಕೇಳುತ್ತಾ ಬಿಳಿಚಿಕೊಂಡಳು. ಮಾತಾಡಿದಾಗ ಆ ಮೆಲುದನಿ ಹೋಗಿತ್ತು.

"ನನ್ನ ಗಂಡ ನಿನ್ನ ಹೊತ್ತು ಇಳಿಸ್ದ."

"ಹೌದು."

"ಸೊಂಟ ಹಿಡ್ಕೊಂಡು ಮಲಗಿದಾನೆ ಮನೇಲಿ. ನಾನು ನಿನ್ನ ಕಾಲು ಹಿಡ್ಕೊಂಡಿದ್ದೆ. ನಮ್ಮಮ್ಮ ಆ ನೋಯೋ ಮಂಡಿ ಇಟ್ಕೊಂಡು ದಿನಾ ನಿನಗೋಸ್ಕರ ಮೊಣಕಾಲೂರ್ತಾಳೆ. ನನ್ನ ಮಗಳು ನಿನ್ನ ನೆನೆಸ್ಕೊಂಡು ಊಟ ಬಿಟ್ಟಿದಾಳೆ. ಒಂದು ಮಾತು ಹೇಳೋಕಾಗ್ಲಿಲ್ವಾ ಬೆಳಿಗ್ಗೆ?"

"ಫೆನ್ನಾ ಸುಳ್ಳು ಹೇಳಿದಾಳೆ ಅನ್ಕೊಂಡೆ. ಅವಳ ಮರ್ಯಾದೆ ಹೋಗತ್ತೆ ಅಂತ..."

"ಅವಳದ್ದಾ?" ರೇಮೆ ಎದ್ದು ನಿಂತಳು. ಕೋಣೆಯ ಮುಚ್ಚಿದ ಬಾಗಿಲ ಕಡೆ ನೋಡಿದಳು. "ಅವಳಿಗೆ ಹೇಳಿದ್ಯಾ ಈಗ?"

"ಕಾಯಿಲೆ ಇಲ್ಲ ಅಂತ ಹೇಳಿದೆ."

"ಏನಂದ್ಲು?"

"ಹಾಗಾದ್ರೆ ಯಾಕೆ ಮಲ್ಗಿರ್ತಿದ್ದೆ ಅಂತ ಕೇಳಿದ್ಲು."

"ನೀನೇನು ಹೇಳ್ದೆ?"

"ಏನೂ ಇಲ್ಲ."

"ಏನೂ ಇಲ್ಲ," ಎಂದು ರೇಮೆ ಅದೇ ಮಾತನ್ನು ತಿರುಗಿಸಿ ಹೇಳಿದಳು. "ಈಗ ನನಗೆ ಅಷ್ಟುದ್ದ ಹೇಳಿದ್ಯಲ್ಲ, ಗಂಡ, ತಟ್ಟೆ, ಹಾಸಿಗೆ. ಕೇಳಿದ್ದು ಅವಳು. ನನಗ್ಯಾಕೆ ಹೇಳ್ತಿದೀಯ ನೀನು?"

ಹನ್ನೆಕೆಯ ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಹೌದಲ್ಲ. ಊರಿನ ಮುಂದೆ ತನ್ನ ಮುಖ ತೊಳೆದುಕೊಳ್ಳುವ ಅವಸರ ತನಗೆ. ರೇಮೆ ಔಷಧಿಯ ಚೀಲವನ್ನು ಮೇಜಿನ ಮೇಲಿಟ್ಟು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಅಮ್ಮಂಗೆ ನಾನು ಹೇಳಲ್ಲ. ನೀನೇ ಬಂದು ಹೇಳ್ಬೇಕು. ನಡ್ಕೊಂಡು ಹತ್ತಿ ಬಂದು."

"ಬರ್ತೀನಿ."

"ಬೈತಾಳೆ."

"ಬೈಲಿ."

ಬಾಗಿಲು ಮುಚ್ಚಿತು, ಮೆಟ್ಟಿನ ಸದ್ದು ಬೀದಿಯಲ್ಲಿ ಕರಗಿತು. ಹನ್ನೆಕೆ ಚೀಲದಿಂದ ಸೀಸೆ ತೆಗೆದು, ಚಮಚ ತೊಳೆದು, ಮಗಳ ಕೋಣೆಗೆ ಹೋದಳು. ಫೆನ್ನಾ ಮಲಗಿರಲಿಲ್ಲ, ಗೋಡೆ ನೋಡುತ್ತಿದ್ದಳು. ಅಡುಗೆಮನೆಯ ಮಾತೆಲ್ಲ ಕೇಳಿಸಿರಬೇಕು. ಈ ಮನೆಯ ಗೋಡೆಗಳು ತೆಳು. ಅಷ್ಟು ತೆಳು ಗೋಡೆಯ ಈಚೆ ಇಡೀ ವರ್ಷ ಇವಳು ಏನೇನು ಕೇಳಿಸಿಕೊಂಡಿರಬಹುದು ಎಂದು ಹನ್ನೆಕೆ ಇದುವರೆಗೆ ಯೋಚಿಸಿರಲಿಲ್ಲ. ಔಷಧಿ ಕುಡಿಸಿದಳು. ಮಗಳು ಕುಡಿದು ಬಾಯಿ ಒರೆಸಿಕೊಂಡು, ತಾಯಿಯ ಮುಖ ನೋಡದೆಯೇ, ಗೋಡೆಯ ಕಡೆಗೆ ಸರಿದು ಪಕ್ಕದಲ್ಲಿ ಮಲಗಲು ಜಾಗ ಮಾಡಿಕೊಟ್ಟಳು.

ಮಲಗಬೇಕೆಂದು ಹನ್ನೆಕೆಯ ಮೈಯ ಒಂದೊಂದು ಮೂಳೆಯೂ ಬೇಡಿತು. ದಿಂಬಿನಲ್ಲಿ ಮುಖ ಹುದುಗಿಸಿದರೆ ಮಾತಾಡಬೇಕಾಗಿಲ್ಲ.

"ಬೇಡ," ಅಂದಳು. "ಕೂತೇ ಹೇಳ್ತೀನಿ."

ನೆಲದ ಮೇಲೆ, ಮಂಚಕ್ಕೆ ಎದುರಾಗಿ, ಮಗಳ ಕಣ್ಣಿಗೆ ಸಮನಾಗಿ ಕೂತಳು. ಎಲ್ಲಿಂದ ಶುರು ಮಾಡಬೇಕು, ಯಾವ ಭಾಷೆಯಲ್ಲಿ, ಒಂದೂ ತಿಳಿಯಲಿಲ್ಲ. ಹೊರಗೆ ಯಾರದೋ ಬಾಲ್ಕನಿಯಲ್ಲಿ ಚೆಂಡು ಪುಟಿಯುತ್ತಿತ್ತು. ಫೆನ್ನಾ ಮೆಲ್ಲಗೆ ಈಚೆ ಮಗ್ಗುಲಾಗಿ, ಕೈಯನ್ನು ಕೆನ್ನೆಯ ಕೆಳಗಿಟ್ಟುಕೊಂಡು, ಅವಳನ್ನೇ ನೋಡುತ್ತಾ ಅಂದಳು:

"ಹೇಳು."